ಕಣ್ಣಪ್ಪನ ಹಂದಿ ಯಾರ ಪಾಲು?

ಬೇಡರ ಕಣ್ಣಪ್ಪನ ಹೆಸರೆತ್ತಿದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಕಣ್ಣು. ಶಿವಲಿಂಗದ ಕಣ್ಣಿನಿಂದ ರಕ್ತ ಸುರಿಯುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತಿಟ್ಟ ಭಕ್ತ. ಎರಡನೆಯದನ್ನೂ ಕೀಳುವ ಮುನ್ನ ಗುರುತಿಗೆಂದು ಕಾಲನ್ನು ಊರಿ ನಿಂತ ಮುಗ್ಧ. ಈ ಚಿತ್ರ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿ ಕುಳಿತಿದೆ. 1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ದಿಂದಲೇ ರಾಜಕುಮಾರ್ ನಾಯಕನಟರಾದರು. ಇಂದಿಗೂ ಮಕ್ಕಳ ನಾಟಕವೆಂದರೆ ಈ ಕಥೆಯನ್ನು ನೆನೆಯುವವರಿದ್ದಾರೆ. ಕಣ್ಣು ಕೀಳುವ ದೃಶ್ಯಕ್ಕೆ ಚಪ್ಪಾಳೆ ತಪ್ಪುವುದಿಲ್ಲ. ಆದರೆ ಕಣ್ಣಿಗಿಂತ ಮೊದಲು ಆ ಬೇಡ ಕೊಟ್ಟದ್ದು ಮಾಂಸ. ಆ ಭಾಗ ಬಂದಾಗ ಹೇಳುವವರೂ ಕೇಳುವವರೂ ಬೇಗಬೇಗನೆ ದಾಟಿಬಿಡುತ್ತೇವೆ. ಕಥೆಯ ಜೀವ ಅಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಹರಿಹರ ಕಣ್ಣಪ್ಪನನ್ನು ಕುರಿತು ರಗಳೆ ಬರೆದಿದ್ದಾನೆ. ತಮಿಳಿನಲ್ಲಿ ಸೇಕ್ಕಿಳಾರ್ 12ನೆಯ ಶತಮಾನದಲ್ಲಿ ರಚಿಸಿದ ‘ಪೆರಿಯ ಪುರಾಣ’ದಲ್ಲಿ ಇದೇ ಕಥೆ ವಿಸ್ತಾರವಾಗಿ ಬರುತ್ತದೆ. ಅಲ್ಲಿ ಬೇಡರ ಹುಡುಗ ಕಾಡುಹಂದಿಯೊಂದನ್ನು ಬೆನ್ನಟ್ಟಿ ಕೊಲ್ಲುತ್ತಾನೆ. ಸಂಗಡಿಗನೊಬ್ಬ ಬೆಂಕಿ ಹೊತ್ತಿಸುವ ಹೊತ್ತಿಗೆ ಕಾಳಹಸ್ತಿಯ ಬೆಟ್ಟವೇರಿ ಲಿಂಗವನ್ನು ಕಾಣುತ್ತಾನೆ. ಕಂಡೊಡನೆ ಅವನು ವರ ಬೇಡುವುದಿಲ್ಲ. ಈ ಕಾಡಿನಲ್ಲಿ ಇವನೊಬ್ಬನೇ ಇದ್ದಾನಲ್ಲ, ಹಸಿದರೆ ಉಣ್ಣಲು ಕೊಡುವವರು ಯಾರು ಎಂದು ಮರುಗುತ್ತಾನೆ. ಕೆಳಗಿಳಿದು ಬಂದು ಸುಟ್ಟ ಮಾಂಸದ ಚೂರುಗಳನ್ನು ಒಂದೊಂದಾಗಿ ರುಚಿ ನೋಡಿ, ಮೆತ್ತಗಿರುವುದನ್ನೇ ಆರಿಸಿ ಒಯ್ಯುತ್ತಾನೆ. ತಾನು ಮಾತ್ರ ತಿನ್ನುವುದಿಲ್ಲ. ಬೆಳಗ್ಗೆ ಬಂದ ಅರ್ಚಕರ ಕಣ್ಣಿಗೆ ಬೀಳುವುದು ಮೈಲಿಗೆ. ಅವರು ಕೆಟ್ಟವರಲ್ಲ, ಅವರ ಭಕ್ತಿಯೂ ಸುಳ್ಳಲ್ಲ. ಆದರೆ ಬೇಡ ಕೇಳಿದ ಪ್ರಶ್ನೆ ‘ಹಸಿವಾಗಿದೆಯೆ?’ ಎಂದು, ಅರ್ಚಕರು ಕೇಳಿದ್ದು ‘ಇದು ಶುದ್ಧವೆ?’ ಎಂದು. ಕಥೆಯ ಜಗಳವೆಲ್ಲ ಈ ಎರಡು ಪ್ರಶ್ನೆಗಳ ನಡುವಿನದು.

ಚಲನಚಿತ್ರದಲ್ಲಿ ಹಸಿವು ಬೇಡನನ್ನೇ ಹಿಡಿದಿದೆ. ಬೇಟೆ ಸಿಗದ ಕಾಡಿನಲ್ಲಿ ಹಸಿವು ತಾಳಲಾರದೆ ಶಿವನಿಗೆ ಮೊರೆಯಿಡುವ ಆ ಹಾಡು ಬಾರದ ಕನ್ನಡಿಗ ವಿರಳ. ದೇವರಿಂದ ಅವನು ಬಯಸುವುದು ಮೋಕ್ಷವನ್ನಲ್ಲ, ಒಂದು ಬೇಟೆಯನ್ನು. ಕನ್ನಡ ಚಿತ್ರರಂಗದಲ್ಲಿ ಬಡವನ ಹೊಟ್ಟೆಯ ಮಾತು ಇಷ್ಟು ನೇರವಾಗಿ ಬಂದದ್ದು ಕಡಿಮೆ. ಆದರೂ ಪವಾಡವನ್ನು ಕಂಡು ಹೊರಬರುವಾಗ ಆ ಹಸಿವು ನಮ್ಮ ನೆನಪಿನಲ್ಲಿ ಉಳಿದಿರುವುದಿಲ್ಲ. ಭಕ್ತಿ ಉಳಿಯುತ್ತದೆ, ಊಟ ಮರೆತುಹೋಗುತ್ತದೆ. ಇದು ಚಿತ್ರದ ಕೊರತೆ ಎನ್ನುವುದಕ್ಕಿಂತ ನೋಡುವ ನಮ್ಮ ಕೊರತೆ ಎನ್ನಬೇಕು.

ನಾವು ನೆಲೆಸಿರುವ ಮಲಯಾಳದ ನಾಡಿನಲ್ಲಿ ಕಣ್ಣಪ್ಪನಿಗೆ ಒಬ್ಬ ತಮ್ಮನಿದ್ದಾನೆ. ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನ ಮುತ್ತಪ್ಪನ್ ದೈವವನ್ನು ಕಾಸರಗೋಡು, ಕೊಡಗಿನ ಕಡೆಯ ಬಂಧುಗಳು ಬಲ್ಲರು. ನಂಬೂದಿರಿ ಆಚಾರದ ಮನೆಯಲ್ಲಿ ಬೆಳೆದ ಬಾಲಕ ಬಿಲ್ಲು ಹಿಡಿದು ಬೇಟೆಗೆ ಹೋಗುತ್ತಿದ್ದ. ಆಹಾರವನ್ನು ಬಡವರ, ಕೆಳಗಿಟ್ಟ ಜಾತಿಯವರ ಗುಡಿಸಲುಗಳಿಗೆ ಒಯ್ಯುತ್ತಿದ್ದ. ಮನೆಯವರು ಬೇಡವೆಂದರೂ ಬಿಡಲಿಲ್ಲ, ಕೊನೆಗೆ ಮನೆಯನ್ನೇ ಬಿಟ್ಟ ಎಂದು ಐತಿಹ್ಯ. ಆ ದೈವಸ್ಥಾನದಲ್ಲಿ ಬಂದವರಿಗೆಲ್ಲ ಇಂದಿಗೂ ಬೇಯಿಸಿದ ಅಲಸಂದೆ ಕಾಳು ಮತ್ತು ಚಹಾ ಸಿಗುತ್ತದೆ. ಜಾತಿ ಕೇಳುವವರಿಲ್ಲ, ನಾಯಿಗಳಿಗೂ ಗೌರವವುಂಟು. ಇಲ್ಲಿ ಎಡಪ್ಪಳ್ಳಿಯ ಸಂತ ಜಾರ್ಜರ ಇಗರ್ಜಿಗೆ ಕೋಳಿಯ ಹರಕೆ ಪ್ರಸಿದ್ಧವಾದದ್ದು. ಬಕ್ರೀದಿನಲ್ಲಿ ಮುಸಲ್ಮಾನ ಬಂಧುಗಳು ಕುರ್ಬಾನಿಯ ಮಾಂಸವನ್ನು ಮೂರು ಪಾಲು ಮಾಡಿ ಒಂದನ್ನು ಬಡವರಿಗೆಂದು ಎತ್ತಿಡುತ್ತಾರೆ. ಮಾಂಸವೂ ದಾನದ ವಸ್ತುವಾಗಬಲ್ಲದು ಎಂಬುದು ಈ ನಾಡಿಗೆ ಹೊಸ ಮಾತಲ್ಲ.

ಹೀಗಿದ್ದೂ ಇದೇ ನಾಡಿನಲ್ಲಿ ಇಂದು ಕಾಡುಹಂದಿಯ ಮಾಂಸ ಗುಂಡಿಗೆ ಹೋಗುತ್ತಿದೆ. ವಯನಾಡು, ಪಾಲಕ್ಕಾಡು ಮುಂತಾದ ಕಡೆ ಮರಗೆಣಸು, ಬಾಳೆ, ಸುವರ್ಣಗೆಡ್ಡೆಯ ತೋಟಗಳನ್ನು ಹಂದಿಗಳು ರಾತ್ರಿ ಬೆಳಗಾಗುವುದರೊಳಗೆ ಉತ್ತುಬಿಡುತ್ತವೆ. 2022ರಲ್ಲಿ ಕೇರಳ ಸರ್ಕಾರ ಇಂಥ ಹಂದಿಗಳನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೂ ನಗರಸಭೆಗಳ ಮುಖ್ಯಸ್ಥರಿಗೂ ವಹಿಸಿತು. ಲೈಸೆನ್ಸ್ ಇರುವ ಕೋವಿಯವರು ಬಂದು ಹೊಡೆಯಬಹುದು, ಹೊಡೆದದ್ದನ್ನು ಹೂಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 39ನೆಯ ಕಲಮಿನ ಪ್ರಕಾರ ಹಾಗೆ ಕೊಂದ ಪ್ರಾಣಿ ಸರ್ಕಾರದ ಸ್ವತ್ತು. ಕಡತದ ಭಾಷೆಯಲ್ಲೇ ಹೊಟ್ಟೆ ಹೊರೆಯುವ ನಮಗೆ ಈ ವಾಕ್ಯ ಅರ್ಥವಾಗದ್ದಲ್ಲ. ಬೇಡನ ಪ್ರಶ್ನೆ ಹಸಿವು, ಅರ್ಚಕರ ಪ್ರಶ್ನೆ ಶುದ್ಧಿ. ಕಾನೂನಿನ ಪ್ರಶ್ನೆ ‘ಇದು ಯಾರದು?’ ಎಂಬುದು.

ಕಾನೂನನ್ನು ಹಳಿಯುವುದು ಸುಲಭ, ಆದರೆ ಅದಕ್ಕೆ ಕಾರಣವಿದೆ. ಕಾಡುಮಾಂಸಕ್ಕೆ ಬೆಲೆ ಬಂದರೆ ಬೇಟೆಗೆ ಬೆಳೆನಾಶವೊಂದು ನೆಪವಾಗುತ್ತದೆ. ಇಂದು ಹಂದಿ, ನಾಳೆ ಜಿಂಕೆ. ರೈತರ ಕೂಗೂ ನ್ಯಾಯವಾದದ್ದೇ: ಹಂದಿಯನ್ನು ಉಪದ್ರವಿ ಪ್ರಾಣಿಯೆಂದು ಸಾರಿರಿ ಎಂಬ ಕೇರಳದ ಬೇಡಿಕೆಯನ್ನು ಕೇಂದ್ರ ಮತ್ತೆ ಮತ್ತೆ ಒಪ್ಪದೆ ಹೋಗಿದೆ. ಹಾಗೆ ಸಾರಿದರೆ ಹಂದಿಗಿರುವ ರಕ್ಷಣೆ ಹೋಗುತ್ತದೆ, 39ನೆಯ ಕಲಮೂ ಅದಕ್ಕೆ ತಾಗುವುದಿಲ್ಲ. ಆದರೆ ಓದುಗರು ಒಂದು ಕ್ಷಣ ಯೋಚಿಸಬೇಕು. ಆಗ ಮಾಂಸ ಸೇರುವುದು ಕೋವಿಯಿದ್ದವನ ಮನೆಗೆ, ಇಲ್ಲವೆ ಸಂತೆಗೆ. ಕೋವಿಯೂ ಇಲ್ಲದ, ಕಾಸೂ ಇಲ್ಲದ ಮನೆಯ ಒಲೆ ಹಾಗೆಯೇ ಇರುತ್ತದೆ. ಒಂದು ಪಕ್ಷ ಹೂಳಬೇಕೆನ್ನುತ್ತದೆ, ಇನ್ನೊಂದು ತಿನ್ನಲು ಬಿಡಿ ಎನ್ನುತ್ತದೆ. ಕೊಡೋಣ ಎಂಬ ಮೂರನೆಯ ಮಾತು ಮಾತ್ರ ನಮ್ಮ ಕಿವಿಗೆ ಬಿದ್ದಿಲ್ಲ.

ಈ ಮೂರನೆಯ ಮಾತನ್ನು ಆಡಿ ನಡೆಸಿಕೊಂಡು ಬಂದವರು ಉಂಟು. ಅಮೆರಿಕದ ಮೇರಿಲ್ಯಾಂಡಿನಲ್ಲಿ 1997ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಅದರ ಹೆಸರಿನ ಅರ್ಥವೇ ‘ಹಸಿದವರಿಗೆ ಉಣಿಸುವ ರೈತರು ಮತ್ತು ಬೇಟೆಗಾರರು’ ಎಂದು. ಬೇಟೆಗಾರ ತಾನು ಹೊಡೆದ ಜಿಂಕೆಯನ್ನು, ರೈತ ತಾನು ಸಾಕಿದ ದನವನ್ನೋ ಹಂದಿಯನ್ನೋ ಗೊತ್ತಾದ ಕಟುಕನಿಗೆ ಒಪ್ಪಿಸುತ್ತಾನೆ. ಕೊಯ್ದು ಕಟ್ಟುವ ಖರ್ಚನ್ನು ಸಂಸ್ಥೆ ಹೊರುತ್ತದೆ. ಮಾಂಸ ಬಡವರ ಆಹಾರ ಭಂಡಾರಗಳಿಗೆ ಹೋಗುತ್ತದೆ. ಸ್ವಾರಸ್ಯವೆಂದರೆ, ಬೇಟೆಯ ಮಾಂಸ ಮಾರುವುದನ್ನು ಸಾಮಾನ್ಯವಾಗಿ ಅಲ್ಲಿಯೂ ನಿಷೇಧಿಸಲಾಗಿದೆ. ಮಾರುವಂತಿಲ್ಲ, ಕೊಡಬಹುದು. ಇಷ್ಟು ಸಣ್ಣ ಗೆರೆಯಲ್ಲಿ ಕಾಡೂ ಉಳಿಯಿತು, ಊಟವೂ ಉಳಿಯಿತು.

ಅಲ್ಲಿಯೂ ಎಲ್ಲವೂ ಸಲೀಸಾಗಿ ನಡೆಯಲಿಲ್ಲವೆಂಬುದನ್ನು ಹೇಳಲೇಬೇಕು. 2008ರಲ್ಲಿ ನಾರ್ತ್ ಡಕೋಟಾದಲ್ಲಿ ದಾನ ಬಂದ ಜಿಂಕೆ ಮಾಂಸದಲ್ಲಿ ಗುಂಡಿನ ಸೀಸದ ಚೂರುಗಳು ಕಂಡುಬಂದು, ಅಂಥ ಮಾಂಸವನ್ನು ಬಡವರಿಗೆ ಹಂಚಬೇಡಿರೆಂದು ಆರೋಗ್ಯ ಇಲಾಖೆ ಹೇಳಬೇಕಾಯಿತು. ಸೀಸ ಎಳೆಯ ಮಕ್ಕಳ ಮಿದುಳಿಗೆ ವಿಷ. ಕಾಡುಹಂದಿಯ ಮಾಂಸದಲ್ಲಿ ಟ್ರೈಕಿನೆಲ್ಲ ಎಂಬ ಹುಳು ಇರಬಹುದು. ಚೆನ್ನಾಗಿ ಬೇಯದಿದ್ದರೆ ಅಪಾಯ. 2022ರಲ್ಲಿ ವಯನಾಡಿನ ಹಂದಿ ಸಾಕಣೆಗಳಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿತು. ಅದು ಮನುಷ್ಯರಿಗೆ ತಗಲದಾದರೂ ಮಾಂಸದ ಮೂಲಕ ಊರ ಹಂದಿಗಳಿಗೆ ಹರಡಬಲ್ಲದು. ಆದ್ದರಿಂದ ಪಶುವೈದ್ಯರ ಪರೀಕ್ಷೆಯಿಲ್ಲದೆ ಒಂದು ಚೂರೂ ಹೊರಹೋಗಬಾರದು. ಗುಂಡು ತಗುಲಿದ ಭಾಗವನ್ನು ಧಾರಾಳವಾಗಿ ಕತ್ತರಿಸಿ ಹೂಳಬೇಕು. ರೋಗವಿರುವ ಸೀಮೆಯಲ್ಲಿ ಈ ಮಾತನ್ನೇ ಎತ್ತಬಾರದು. ಮಾಂಸ ಬೇಕೆಂದು ಒಂದು ಹಂದಿಯನ್ನೂ ಹೆಚ್ಚಾಗಿ ಹೊಡೆಯಕೂಡದು. ಬಡವನಿಗೆ ಕೊಡುವುದಲ್ಲವೆ, ಹೇಗಿದ್ದರೇನು ಎಂಬುದು ದಾನವಲ್ಲ. ಕಣ್ಣಪ್ಪ ಮೆತ್ತಗಿರುವ ಚೂರನ್ನೇ ಆರಿಸಿ ಒಯ್ದನೆಂಬುದನ್ನು ಮರೆಯಬಾರದು.

‘ಸಂಘದ ಪತ್ರಿಕೆಯಲ್ಲಿ ಮಾಂಸದ ಮಾತೇಕೆ?’ ಎಂದು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಅವರ ನೇಮದ ಬಗ್ಗೆ ನಮಗೆ ಗೌರವವಿದೆ. ಯಾರ ಎಲೆಗೂ ಬೇಡದ್ದನ್ನು ಬಡಿಸಬೇಕೆಂದು ನಾವು ಹೇಳುತ್ತಿಲ್ಲ. 2021ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರ ಬೀದರ, ರಾಯಚೂರು, ಯಾದಗಿರಿ ಸೇರಿ 7 ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ತೊಡಗಿದಾಗ ಎಷ್ಟು ಗದ್ದಲವಾಯಿತೆಂಬುದು ಎಲ್ಲರಿಗೂ ಗೊತ್ತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಂದು ಆದೇಶದಲ್ಲಿಯೇ ಇತ್ತು. ಆದರೂ ವಾದ ನಡೆದದ್ದು ಹೊಟ್ಟೆ ತುಂಬಿದವರ ನಡುವೆ. ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಮಗುವನ್ನು ಕೇಳಿದವರು ಎಷ್ಟು ಮಂದಿ? ನಮ್ಮಲ್ಲಿ ಅನ್ನದಾನವೆಂಬುದು ದೊಡ್ಡ ಪುಣ್ಯ. ಆದರೆ ಏನು ಬಡಿಸಬೇಕೆಂಬುದನ್ನು ಕೊಡುವವನ ನಾಲಗೆ ನಿರ್ಧರಿಸುತ್ತದೆ, ಉಣ್ಣುವವನ ನಾಲಗೆಯಲ್ಲ. ಉಂಡವನು ಕೈಮುಗಿಯಬೇಕು, ಅಷ್ಟೇ.

ಕಣ್ಣಪ್ಪನ ಕಥೆ ಈ ಲೆಕ್ಕವನ್ನು ತಿರುವಿಹಾಕುತ್ತದೆ. ಎದುರಿಗಿರುವವನಿಗೆ ಹಸಿವೆಂದು ಅವನು ಭಾವಿಸಿದ. ತನ್ನ ಬಳಿಯಿದ್ದುದರಲ್ಲಿ ಒಳ್ಳೆಯದನ್ನು ಕೊಟ್ಟ. ಮಾರಲಿಲ್ಲ, ತಾನೂ ತಿನ್ನಲಿಲ್ಲ. ಕಣ್ಣು ಕೊಟ್ಟದ್ದು ಆ ಮೇಲಿನ ಮಾತು. ಮಾಂಸ ಕೊಟ್ಟ ದಿನವೇ ಅವನು ಕಣ್ಣಪ್ಪನಾಗಿದ್ದ. ಮಕ್ಕಳಿಗೆ ಈ ಕಥೆ ಹೇಳುವಾಗ ಆ ಭಾಗವನ್ನು ನುಂಗದೆ ಹೇಳಬೇಕೆಂದು ನಮ್ಮ ಬಿನ್ನಹ. ಕೇಳಿದ ಮಗು, ‘ಹಾಗಾದರೆ ಆ ಹಂದಿಯನ್ನು ಈಗ ಹೂಳುವುದೇಕೆ?’ ಎಂದು ಕೇಳಿದರೆ ಬಾಯಿ ಮುಚ್ಚಿಸಬೇಡಿ. ಅದಕ್ಕೆ ಉತ್ತರ ಹುಡುಕಬೇಕಾದವರು ದೊಡ್ಡವರಾದ ನಾವು, ನಮ್ಮ ಮೇಲೆ ಕುಳಿತು ಕಡತಗಳಿಗೆ ರುಜು ಹಾಕುವವರು.