‘ಅವಸ್ಥೆ’ಯೂ ಅಲ್ಪಬಲದ ಪಕ್ಷವೂ

ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿ ಪ್ರಕಟವಾದದ್ದು 1978ರಲ್ಲಿ. ಅದರ ನಾಯಕನಾದ ಕೃಷ್ಣಪ್ಪಗೌಡನ ಹಿಂದೆ ಸಮಾಜವಾದಿ ಧುರೀಣ ಶಾಂತವೇರಿ ಗೋಪಾಲಗೌಡರ ಜೀವನದ ನೆರಳಿದೆ ಎಂಬುದು ಕನ್ನಡ ಓದುಗರಿಗೆ ಹೊಸ ಸಂಗತಿಯಲ್ಲ. ಈ ಸಾಮ್ಯವನ್ನು ಹಿಡಿದು, ಯಾವ ಪಾತ್ರ ಯಾರದೆಂದು ಹುಡುಕುವ ಚರ್ಚೆ ಬೇಕಾದಷ್ಟು ನಡೆದಿದೆ. ಅದರಿಂದ ಕೃತಿಯ ತಿಳಿವಳಿಕೆ ಹೆಚ್ಚಿದಂತೆ ತೋರುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಶಾಸನಸಭೆಯಲ್ಲಿ ಬೆರಳೆಣಿಕೆಯ ಸ್ಥಾನಗಳನ್ನಷ್ಟೇ ಹೊಂದಿರುವ ಪಕ್ಷ ನಾಡಿಗಾಗಿ ಏನು ಮಾಡಬಲ್ಲುದು? ಇದಕ್ಕೆ ಕಾದಂಬರಿ ಕೊಡುವ ಉತ್ತರವೇನು, ಚರಿತ್ರೆ ಕೊಡುವ ಉತ್ತರವೇನು, ಎರಡರ ನಡುವಣ ಅಂತರಕ್ಕೆ ಕಾರಣವೇನು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ನಾವು ಮತ ನೀಡುವುದು ಒಂದು ರಾಜ್ಯದ ಸಭೆಗೆ. ಆಸ್ಥೆಯಿಂದ ಸುದ್ದಿ ಓದುವುದು ಇನ್ನೊಂದು ರಾಜ್ಯದ ಸಭೆಯದನ್ನು. ಎರಡು ಕಡೆಯೂ ತಲೆಯೆಣಿಕೆಯಲ್ಲಿ ನಮ್ಮ ಗಣನೆ ಅಷ್ಟಕ್ಕಷ್ಟೆ. ಸಂಖ್ಯೆಯಿಲ್ಲದವರ ಮಾತಿಗೆ ಬೆಲೆಯುಂಟೇ ಎಂಬುದು ನಮ್ಮ ಪ್ರಶ್ನೆಯೂ ಹೌದು.

ಮೊದಲು ಚರಿತ್ರೆಯನ್ನು ನೋಡೋಣ. 1952ರಲ್ಲಿ ರಚಿತವಾದ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74 ದೊರೆತಿದ್ದವು. ಸಮಾಜವಾದಿ ಪಕ್ಷಕ್ಕೆ ಕೇವಲ ಮೂರು. ಆ ಮೂವರಲ್ಲಿ ಸಾಗರ-ಹೊಸನಗರದಿಂದ ಆರಿಸಿಬಂದ ಗೋಪಾಲಗೌಡರು ಒಬ್ಬರು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷವೂ ತುಂಬಿರಲಿಲ್ಲ. 1957ರಲ್ಲಿ ಅವರು ಸೋತರು. 1962ರಲ್ಲಿ ತೀರ್ಥಹಳ್ಳಿಯಿಂದ ಮರಳಿ ಬಂದಾಗ 208 ಸದಸ್ಯರ ಸಭೆಯಲ್ಲಿ ಅವರ ಪಕ್ಷಕ್ಕಿದ್ದದ್ದು ಒಂದೇ ಸ್ಥಾನ, ಅವರದೇ. 1967ರಲ್ಲಿ ಅವರು ಪುನಃ ಗೆದ್ದಾಗ ಸಂಯುಕ್ತ ಸಮಾಜವಾದಿ ಪಕ್ಷದ ಬಲ ಆರಕ್ಕೇರಿತ್ತು. ಗೌಡರು ಎಂದೂ ಮಂತ್ರಿಯಾಗಲಿಲ್ಲ. 1972ರ ಜೂನ್ 9ರಂದು, ಐವತ್ತನ್ನು ಮುಟ್ಟುವ ಮೊದಲೇ, ತೀರಿಕೊಂಡರು.

ತಲೆಯೆಣಿಕೆಯಿಂದ ನೋಡಿದರೆ ಇದು ಸೋಲಿನ ಕಥೆ. ಆದರೆ ಈ ರಾಜಕಾರಣದ ಬೇರು ಮತಪೆಟ್ಟಿಗೆಯಲ್ಲಿರಲಿಲ್ಲ, ಕಾಗೋಡಿನ ಕಣದಲ್ಲಿತ್ತು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಒಡೆಯರು ಗೇಣಿಯ ಬತ್ತವನ್ನು ಅಳೆದುಕೊಳ್ಳುತ್ತಿದ್ದ ಕೊಳಗ ಮೂರು ಸೇರಿಗಿಂತ ಹೆಚ್ಚು ಹಿಡಿಯುತ್ತಿತ್ತೆಂಬುದು ಗೇಣಿದಾರರ ದೂರು. ಅಳತೆ ಸರಿಯಾಗಬೇಕೆಂದು ಕೇಳಿದವರಿಗೆ ಉಳುಮೆ ತಪ್ಪಿತು. ಎಚ್. ಗಣಪತಿಯಪ್ಪನವರ ರೈತಸಂಘ 1951ರ ಏಪ್ರಿಲಿನಲ್ಲಿ ಆರಂಭಿಸಿದ ಸತ್ಯಾಗ್ರಹಕ್ಕೆ ಸಮಾಜವಾದಿಗಳು ಕೈಜೋಡಿಸಿದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾರವರೇ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅಂದಿಗೆ ಆ ಹೋರಾಟ ಗೆಲ್ಲಲಿಲ್ಲ. ಆದರೆ ಕೊಳಗದ ಪ್ರಶ್ನೆ ಭೂಮಿಯ ಒಡೆತನದ ಪ್ರಶ್ನೆಯಾಗಿ ಬೆಳೆದು, ಗೋಪಾಲಗೌಡರೊಡನೆ ವಿಧಾನಸಭೆಯನ್ನು ಪ್ರವೇಶಿಸಿತು. ಉಳುವವನೇ ಹೊಲದೊಡೆಯನಾಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಬೇಕು: ಇವು ಅವರು ಬಿಡದೆ ಆಡಿದ ಮಾತುಗಳು.

ಮುಂದಿನ ಸಂಗತಿಗಳು ಸರ್ವವಿದಿತ. ಗೌಡರು ತೀರಿಕೊಂಡ ಮರುವರ್ಷ, 1973ರ ನವೆಂಬರ್ 1ರಂದು, ರಾಜ್ಯದ ಹೆಸರು ಬದಲಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನು ತೆಗೆದುಹಾಕಿ, ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳನ್ನು ತೆರೆಯಿತು. ಎರಡನ್ನೂ ಮಾಡಿದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. ಸಮಾಜವಾದಿ ಪಾಳೆಯದಿಂದ 1967ರಲ್ಲಿ ಸೊರಬದ ಶಾಸಕರಾದ ಎಸ್. ಬಂಗಾರಪ್ಪನವರು 1990ರಲ್ಲಿ ಮುಖ್ಯಮಂತ್ರಿಗಳಾದದ್ದು ಕಾಂಗ್ರೆಸ್ಸಿನಿಂದ. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಜೆ. ಎಚ್. ಪಟೇಲರು 1996ರಲ್ಲಿ ಮುಖ್ಯಮಂತ್ರಿಗಳಾದದ್ದು ಜನತಾದಳದಿಂದ. ಪಕ್ಷ ಅಳಿಯಿತು, ಅದರ ಬೀಜ ಬೇರೆಯವರ ಗದ್ದೆಯಲ್ಲಿ ಮೊಳೆಯಿತು. ಅಲ್ಪಬಲದ ಪಕ್ಷದ ಫಲವನ್ನು ಅದರ ಕಣದಲ್ಲಿಯೇ ಅಳೆಯಹೊರಟರೆ ಲೆಕ್ಕ ತಪ್ಪುವುದು ಹೀಗೆ.

ಇನ್ನು ಕಾದಂಬರಿ. ಕೃಷ್ಣಪ್ಪಗೌಡ ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದಿದ್ದಾನೆ. ದನ ಕಾಯುತ್ತಿದ್ದ ಹುಡುಗ, ಮಹೇಶ್ವರಯ್ಯನೆಂಬ ವಿಲಕ್ಷಣ ಹಿತೈಷಿಯ ಕಣ್ಣಿಗೆ ಬಿದ್ದು ಓದಿದವನು. ಕ್ರಾಂತಿಕಾರಿ ಅಣ್ಣಾಜಿಯ ಸಹವಾಸದಿಂದ ರಾಜಕೀಯದ ದೀಕ್ಷೆ ಪಡೆದವನು. ವಾರಂಗಲ್ಲಿನ ಪೋಲೀಸರ ಕೈಯಲ್ಲಿ ಚಿತ್ರಹಿಂಸೆ ಅನುಭವಿಸಿದವನು. ಈಗ ಅವನು ವಿರೋಧ ಪಕ್ಷದ ಗಣ್ಯ ನಾಯಕ. ಆಳುವವರಲ್ಲಿ ಒಡಕು ಕಾಣಿಸಿಕೊಂಡು, ಮುಖ್ಯಮಂತ್ರಿಯ ಪದವಿ ಅವನ ಹಾಸಿಗೆಯ ಬಳಿಗೇ ಬರುವ ಸೂಚನೆಗಳಿವೆ. ತರುಣ ನಾಗೇಶ ಅವನ ಜೀವನ ವೃತ್ತಾಂತವನ್ನು ಬರೆದುಕೊಳ್ಳುತ್ತಿರಲು, ಅವನು ತನ್ನ ಬಾಳನ್ನು ತಾನೇ ಶೋಧಿಸಿಕೊಳ್ಳುತ್ತಾನೆ.

ಈ ಶೋಧನೆಯ ಪ್ರಾಮಾಣಿಕತೆ ಕೃತಿಯ ದೊಡ್ಡ ಗುಣ. ಅಧಿಕಾರ ಮನುಷ್ಯನನ್ನು ಕೆಡಿಸುತ್ತದೆಂಬ ಮಾತು ಹಳೆಯದು. ಅಧಿಕಾರವಿಲ್ಲದವನೂ ಕೆಡಬಲ್ಲನೆಂಬುದನ್ನು ಅನಂತಮೂರ್ತಿಯವರು ತೋರಿಸಿದ್ದಾರೆ. ಶ್ರೀಮಂತ ವೀರಣ್ಣ ಲಂಚ ಕೊಡುವವನಂತೆ ಬರುವುದಿಲ್ಲ, ಅಭಿಮಾನಿಯಂತೆ ಬರುತ್ತಾನೆ. ಅವನ ಉಪಕಾರದ ಋಣ ಕೃಷ್ಣಪ್ಪನ ಮೇಲೆ ಮೆಲ್ಲಮೆಲ್ಲನೆ ಏರುತ್ತದೆ. ತನ್ನಲ್ಲಿ ಕೊಡುವುದಕ್ಕೆ ಏನೂ ಇಲ್ಲದಿರುವುದರಿಂದ ತಾನು ಪಡೆದದ್ದು ಲಂಚವಾಗಲಾರದೆಂದು ವಿರೋಧ ಪಕ್ಷದವನು ನಂಬಿಕೊಳ್ಳುತ್ತಾನೆ. ಪದವಿ ಹತ್ತಿರವಾದೊಡನೆ ಆ ನಂಬಿಕೆ ಕುಸಿಯುತ್ತದೆ. ಜಗತ್ತಿನ ಕೊಳೆಗೆ ಸಿಡಿದೇಳುವವನು ಮನೆಯಲ್ಲಿ ಹೆಂಡತಿ ಸೀತೆಯ ಬಗೆಗೆ ತೋರುವ ಅಸಹನೆಯನ್ನೂ ಲೇಖಕರು ಮರೆಮಾಡುವುದಿಲ್ಲ. ಕನ್ನಡದಲ್ಲಿ ರಾಜಕಾರಣಿಯ ಅಂತರಂಗವನ್ನು ಇಷ್ಟು ಆಳವಾಗಿ ಬಗೆದ ಕೃತಿಗಳು ವಿರಳ.

ಆದರೆ ಕೃತಿಯ ಮಿತಿಯೂ ಇಲ್ಲಿಯೇ ಇದೆ. ಕೃಷ್ಣಪ್ಪ ಶಾಸಕ, ಅವನ ಶಾಸಕತ್ವದ ದಿನನಿತ್ಯದ ಕೆಲಸಕ್ಕೆ ಮಾತ್ರ ಕಾದಂಬರಿಯಲ್ಲಿ ತಕ್ಕ ಎಡೆ ದೊರೆತಿಲ್ಲ. ಪ್ರಶ್ನೋತ್ತರ ವೇಳೆಯಲ್ಲಿ ಮಂತ್ರಿಯಿಂದ ಒಂದು ಅಂಕಿಯನ್ನು ಹೊರಡಿಸುವುದು, ಮಸೂದೆಯ ಒಂದು ಖಂಡಕ್ಕೆ ತಿದ್ದುಪಡಿ ಸೂಚಿಸಿ ಸೋಲುವುದು, ಬೇಡಿಕೆಗಳ ಚರ್ಚೆಯಲ್ಲಿ ಖೋತಾ ಸೂಚನೆ ತರುವುದು, ಸೋತ ಮಾತನ್ನು ಮುಂದಿನ ಅಧಿವೇಶನದಲ್ಲಿ ಮತ್ತೆ ಆಡುವುದು: ಅಲ್ಪಬಲದ ಪಕ್ಷ ಬದುಕುವುದು ಇಂಥ ಬೇಸರದ ಕೆಲಸದಿಂದ. ಇದರಲ್ಲಿ ಪವಾಡವಿಲ್ಲ, ಆತ್ಮಸಾಕ್ಷಾತ್ಕಾರವಿಲ್ಲ. ಆದಕಾರಣವೇ ಅದು ಕೃಷ್ಣಪ್ಪನ ನೆನಪಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಣ್ಣಾಜಿಯ ಕ್ರಾಂತಿ, ಮಹೇಶ್ವರಯ್ಯನ ಅನುಭಾವ, ಗೌರಿ ದೇಶಪಾಂಡೆಯ ಪ್ರೇಮ ಇವುಗಳ ಪ್ರಭೆಯಲ್ಲಿ ಸಭೆಯ ಕೆಲಸ ಮಂಕಾಗುತ್ತದೆ. ಗೇಣಿದಾರರೂ ನಾಯಕನ ಬಾಳಿನ ಹಿನ್ನೆಲೆಯಾಗಿ ಉಳಿಯುತ್ತಾರಲ್ಲದೆ, ಅವನನ್ನು ಪ್ರಶ್ನಿಸುವ ಸಮುದಾಯವಾಗಿ ಮುಂದೆ ಬರುವುದಿಲ್ಲ.

ಇದರ ಪರಿಣಾಮವೇನು? ಓದುಗನ ಮುಂದೆ ಎರಡೇ ದಾರಿಗಳು ಉಳಿಯುತ್ತವೆ: ಪದವಿಯನ್ನು ಹಿಡಿದು ಮಲಿನನಾಗುವುದು, ಇಲ್ಲವೆ ಅದನ್ನು ತೊರೆದು ಶುದ್ಧನಾಗುವುದು. ಪದವಿಯೂ ಇಲ್ಲದೆ, ವೈರಾಗ್ಯವೂ ಇಲ್ಲದೆ, ಇಪ್ಪತ್ತು ವರ್ಷ ಒಂದೇ ಮಾತನ್ನು ಹಿಡಿದು ನಿಲ್ಲುವ ಮೂರನೆಯ ದಾರಿ ಕಾಣಿಸುವುದಿಲ್ಲ. ಗೋಪಾಲಗೌಡರು ನಡೆದದ್ದಾದರೂ ಬಹುಮಟ್ಟಿಗೆ ಈ ಮೂರನೆಯ ದಾರಿಯಲ್ಲಿ. ಕಾದಂಬರಿಕಾರ ಚರಿತ್ರೆಯ ಗುಮಾಸ್ತನಲ್ಲ, ನಿಜ. ಅವನು ಮೂಲವ್ಯಕ್ತಿಯಿಂದ ದೂರ ಸರಿಯಲು ಸ್ವತಂತ್ರ. ನಮ್ಮ ಆಕ್ಷೇಪ ಅದಲ್ಲ. ಆತ್ಮಶುದ್ಧಿಯೊಂದನ್ನೇ ಅಳತೆಯಾಗಿ ಇಟ್ಟುಕೊಂಡರೆ ಯಾವ ರಾಜಕಾರಣಿಯೂ ಆ ಅಳತೆಯನ್ನು ತುಂಬಲಾರನು. ಅದು ಕಾಗೋಡಿನ ಒಡೆಯರ ಕೊಳಗದಂತೆ ಸಲ್ಲಬೇಕಾದುದಕ್ಕಿಂತ ಹೆಚ್ಚನ್ನು ಕೇಳುವ ಅಳತೆ. ಅದರಿಂದ ಓದುಗನಲ್ಲಿ ಹುಟ್ಟುವ ನಿರಾಶೆ ರಾಜಕಾರಣವನ್ನು ತಿದ್ದುವುದಕ್ಕೆ ಬದಲು ಅದರಿಂದ ದೂರವಿರುವುದಕ್ಕೆ ನೆವವಾಗುತ್ತದೆ. ಸುಶಿಕ್ಷಿತ ಮಧ್ಯಮವರ್ಗಕ್ಕೆ, ನಮ್ಮಂಥ ವಲಸಿಗರಿಗೆ ವಿಶೇಷವಾಗಿ, ಈ ನೆವ ಬಹಳ ಪ್ರಿಯವಾದದ್ದು.

ಮೂರನೆಯ ದಾರಿ ಕಲ್ಪನೆಯಲ್ಲವೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಸಾಕ್ಷಿಯಿದೆ. 1970ರ ಮಾರ್ಚಿನಲ್ಲಿ ಸಿಡ್ಕೊ ಸ್ಥಾಪಿತವಾಗಿ, ಅಂದಿನ ಠಾಣೆ ಮತ್ತು ಕೊಲಾಬಾ ಜಿಲ್ಲೆಗಳ 95 ಹಳ್ಳಿಗಳ ನೆಲವನ್ನು ನವಿ ಮುಂಬಯಿಗಾಗಿ ಗುರುತಿಸಲಾಯಿತು. ಆ ನೆಲದ ಆಗ್ರಿ, ಕೋಳಿ ಮೊದಲಾದ ಜನರ ಪರವಾಗಿ ನಿಂತವರು ಶೇತ್ಕರಿ ಕಾಮಗಾರ ಪಕ್ಷದ ದಿ. ಬಾ. ಪಾಟೀಲರು. 1957ರಲ್ಲಿ ಪನವೇಲದಿಂದ ಮೊದಲು ಆಯ್ಕೆಯಾಗಿ, ಐದು ಬಾರಿ ಶಾಸಕರಾದ ಅವರ ಪಕ್ಷ ಮಹಾರಾಷ್ಟ್ರದಲ್ಲಿ ಎಂದೂ ತನ್ನ ಬಲದಿಂದ ಸರ್ಕಾರ ರಚಿಸಿದ್ದಿಲ್ಲ. 1984ರ ಜನವರಿಯಲ್ಲಿ ಉರಣ ಭಾಗದ ಚಳವಳಿಯ ಮೇಲೆ ಗೋಲಿಬಾರಾಗಿ ಐವರು ಮಡಿದರು. ತರುವಾಯ, 1990ರಲ್ಲಿ, ಭೂಮಿ ಕಳೆದುಕೊಂಡವರಿಗೆ ಶೇಕಡ 12.5ರಷ್ಟು ಅಭಿವೃದ್ಧಿಪಡಿಸಿದ ನಿವೇಶನ ಕೊಡುವ ಯೋಜನೆಯನ್ನು ಸರ್ಕಾರ ಅಂಗೀಕರಿಸಿತು. ಆಜ್ಞೆ ಹೊರಡಿಸಿದವರು ಕಾಂಗ್ರೆಸ್ಸಿಗರು, ಶೇಕಡ 12.5 ಎಂಬ ಅಳತೆಯನ್ನು ನಾಡಿನ ಬಾಯಲ್ಲಿ ನಿಲ್ಲಿಸಿದವರು ಸೋತ ಪಕ್ಷದವರು. ವಾಶಿ, ನೆರುಳ, ಪನವೇಲಗಳಲ್ಲಿ ಮನೆ ಮಾಡಿರುವ ಕನ್ನಡಿಗನ ಕಾಲಕೆಳಗಿನ ನೆಲದಲ್ಲಿ ಈ ಕಥೆಯಿದೆ. ಕಾಗೋಡಿನ ಕೊಳಗಕ್ಕೂ ಇದಕ್ಕೂ ಇರುವ ನಂಟನ್ನು ವಿವರಿಸಬೇಕಾಗಿಲ್ಲ. ಆ ಪಕ್ಷಕ್ಕೆ 2024ರ ಚುನಾವಣೆಯಲ್ಲಿ ದಕ್ಕಿದ್ದು ಸಾಂಗೋಲೆಯ ಒಂದೇ ಸ್ಥಾನ.

ಒಂಟಿ ಸದಸ್ಯನೆಂಬ ಮಾತ್ರಕ್ಕೆ ಗೌರವ ತಾನಾಗಿ ಒದಗುವುದಿಲ್ಲ ಎಂಬುದನ್ನೂ ಹೇಳಬೇಕು. 2018ರಲ್ಲಿ ರಾಣೆಬೆನ್ನೂರಿನಿಂದ ಗೆದ್ದ ಆರ್. ಶಂಕರ್ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದ ಏಕೈಕ ಶಾಸಕರು. ಅವರು ಮಂತ್ರಿಗಳಾದರು, ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ವಿಲೀನಗೊಳಿಸಿದರು, 2019ರ ಜುಲೈಯಲ್ಲಿ ಸಭಾಧ್ಯಕ್ಷರಿಂದ ಅನರ್ಹತೆಗೊಳಗಾದರು. ಅದೇ ವರ್ಷದ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹದಿನೇಳು ಶಾಸಕರ ಅನರ್ಹತೆಯನ್ನು ಎತ್ತಿಹಿಡಿದು, ಉಪಚುನಾವಣೆಗೆ ನಿಲ್ಲಲು ಮಾತ್ರ ಅವಕಾಶ ಕೊಟ್ಟಿತು. 1962ರ ಒಬ್ಬನಿಗೂ 2018ರ ಒಬ್ಬನಿಗೂ ಸಂಖ್ಯೆಯಲ್ಲಿ ಭೇದವಿಲ್ಲ. ಭೇದವಿರುವುದು ಆ ಒಬ್ಬನ ಬೆನ್ನಿಗೆ ಒಂದು ಕಾಗೋಡು ಉಂಟೇ ಇಲ್ಲವೇ ಎಂಬುದರಲ್ಲಿ. ಸಮತೂಕದ ಸಭೆಯಲ್ಲಿ ಒಂಟಿ ಮತಕ್ಕೆ ಬೆಲೆ ಕಟ್ಟುವವರು ಬಹಳ. ಒಂಟಿ ಮಾತಿಗೆ ಕಿವಿಗೊಡುವವರು ವಿರಳ. ಕೃಷ್ಣಪ್ಪನ ಹಾಸಿಗೆಯ ಬಳಿ ನೆರೆದವರನ್ನು ನೆನೆದಾಗ, ಈ ಬೆಲೆ ಕಟ್ಟುವ ವ್ಯಾಪಾರವನ್ನು ಅನಂತಮೂರ್ತಿಯವರು ನಾಲ್ವತ್ತು ವರ್ಷ ಮೊದಲೇ ಎಷ್ಟು ಸರಿಯಾಗಿ ಕಂಡಿದ್ದರೆಂದು ಒಪ್ಪಲೇಬೇಕಾಗುತ್ತದೆ.

ಹೀಗೆ ‘ಅವಸ್ಥೆ’ ಅಲ್ಪಬಲದ ಪಕ್ಷದ ಅಪಾಯಗಳನ್ನು ಬಲ್ಲ ಕಾದಂಬರಿ. ಅದರ ಸಾರ್ಥಕ್ಯವನ್ನು ಅರ್ಧ ಮಾತ್ರ ಬಲ್ಲುದು. ಉಳಿದರ್ಧವನ್ನು ತಿಳಿಯಬೇಕಾದರೆ ವಿಧಾನಸಭೆಯ ನಡವಳಿಗಳ ಸಂಪುಟಗಳನ್ನು ತೆರೆಯಬೇಕು. ಕನ್ನಡ ವಿಮರ್ಶೆ ವಚನವನ್ನು, ಶಾಸನವನ್ನು, ಜಾನಪದವನ್ನು ಸಾಹಿತ್ಯವೆಂದು ಓದಲು ಕಲಿತಿದೆ; ಸಭೆಯಲ್ಲಿ ಆಡಿದ ಕನ್ನಡವನ್ನು ಹಾಗೆ ಓದುವ ಕೆಲಸ ಇನ್ನೂ ಬಹಳಷ್ಟು ಉಳಿದಿದೆ. ನಮ್ಮ ಸಂಘದ ತರುಣ ಸಂಶೋಧಕರು ಈ ಕೆಲಸವನ್ನು ಕೈಗೆತ್ತಿಕೊಂಡಲ್ಲಿ, ಕರ್ನಾಟಕದ ಸಭೆಯ ಜೊತೆಗೆ ಮಹಾರಾಷ್ಟ್ರದ ಸಭೆಯನ್ನೂ ಇಟ್ಟು ನೋಡಬಲ್ಲ ಅನುಕೂಲ ಅವರಿಗಿದೆ. ಎರಡು ಭಾಷೆಗಳನ್ನು ಬಲ್ಲ ವಲಸಿಗನಿಗೆ ಇದು ಸಹಜವಾಗಿ ಒದಗಿದ ಸೌಲಭ್ಯ. ಬೆಂಗಳೂರಿನಲ್ಲಿ ಕುಳಿತವರಿಗೆ ಅದು ಅಷ್ಟು ಸುಲಭವಲ್ಲ.