ಗುಡ್ಡಾಪುರದ ಪಂಕ್ತಿ

ಮಹಾರಾಷ್ಟ್ರದ ಜತ್ತ ತಾಲೂಕು ಮಳೆ ನೆಚ್ಚಿ ಕೂರುವಂಥ ಸೀಮೆಯಲ್ಲ. ಮಕ್ಕಳು ಮರಿ ಕಟ್ಟಿಕೊಂಡು ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳು ಇಲ್ಲಿ ಇಂದಿಗೂ ಇವೆ. ಇಂಥ ನೆಲದಲ್ಲೇ ಅನ್ನ ನೀಡುವುದನ್ನು ಪೂಜೆ ಮಾಡಿಕೊಂಡ ಊರು ಗುಡ್ಡಾಪುರ ಎಂಬುದು ನನಗೆ ಸೋಜಿಗ.

ಇಲ್ಲಿಯ ದಾನಮ್ಮದೇವಿ 12ನೇ ಶತಮಾನದ ಶರಣೆ. ಇದೇ ತಾಲೂಕಿನ ಉಮರಾಣಿಯ ಆಕೆಯ ಮೊದಲ ಹೆಸರು ಲಿಂಗಮ್ಮ. ಆಕೆಯ ಕೊಡುಗೈ ಕಂಡು ಬಸವಣ್ಣನವರೇ ದಾನಮ್ಮ ಎಂದು ಕರೆದರೆಂಬುದು ಭಕ್ತರ ನಂಬಿಕೆ. ಪವಾಡದ ಕತೆಗಳೂ ಬೇಕಷ್ಟಿವೆ. ನನಗೆ ಅವೆಲ್ಲಕ್ಕಿಂತ ಇಲ್ಲಿಯ ದಾಸೋಹದ ಊಟದ ಪಂಕ್ತಿಯೇ ದೊಡ್ಡದು.

ಛಟ್ಟಿ ಅಮಾವಾಸ್ಯೆ ಜಾತ್ರೆ ಹತ್ತಿರ ಬಂದರೆ ವಿಜಯಪುರದ ಕಡೆಯಿಂದ ಜನ ನಡೆದೇ ಬರುತ್ತಾರೆ. ಅವರಿಗಾಗಿ ದಾರಿಯುದ್ದಕ್ಕೂ ಶಾಮಿಯಾನ ಹಾಕಿ ಊಟ, ಚಹಾ, ನೀರು ಹಿಡಿದು ನಿಂತವರಿರುತ್ತಾರೆ. ಬಡವರ ಮಗು ಎರಡನೇ ಸಲ ತಟ್ಟೆ ಚಾಚಿದರೆ ‘ಯಾರ ಮನಿ ಹುಡುಗ’ ಎಂದು ವಿಚಾರಿಸದೆ, ‘ಇನ್ನಷ್ಟು ಹಾಕ್ಲೇನಪಾ?’ ಎನ್ನಬೇಕು, ಬಡಿಸುವ ಕಸುಬಿನ ಜಾಣ್ಮೆಯೆಲ್ಲ ಅಲ್ಲಿದೆ. ಉಣ್ಣುವವರ ಹೆಸರು ಬರೆದುಕೊಳ್ಳುವ ಪದ್ಧತಿ ಪಂಕ್ತಿಗೆ ಗೊತ್ತಿಲ್ಲ. ಹೀಗಾಗಿ ಹಸಿದವನೂ ಯಾತ್ರಿಕನೂ ಒಂದೇ ಸಾಲಿನಲ್ಲಿ ಕೂತು, ಯಾರು ಯಾರೆಂದು ತಿಳಿಯದಂತೆ ಎದ್ದು ಹೋಗುತ್ತಾರೆ. (ಈಗಿನ ಫೋಟೊ ದಾನಿಗಳು ಒಮ್ಮೆ ಬಂದು ನೋಡಲಿ.)

ಒಂದು ಊಟದಿಂದ ಬಡತನ ನೀಗುವುದಿಲ್ಲ, ನಿಜ. ಅದಕ್ಕೆ ಹೊಲಕ್ಕೆ ನೀರು, ಮಕ್ಕಳಿಗೆ ಶಾಲೆ, ಊರಲ್ಲೇ ದುಡಿಮೆ ಬೇಕು. ಆ ಹೊಣೆಯನ್ನು ದಾಸೋಹದ ತಲೆಗೆ ಕಟ್ಟುವುದು ಮಾತ್ರ ನ್ಯಾಯವಲ್ಲ.