ತಿರುಪು ಕಾಣುವ ಕಣ್ಣು

ಟೇಬಲ್ ಟೆನಿಸ್ ನೋಡಲು ಹೊಸದಾಗಿ ಕೂತವರಿಗೆ ಒಂದು ಸೋಜಿಗ ಕಾಡುತ್ತದೆ. ಮೆಲ್ಲಗೆ ಬಂದ ಸರ್ವೀಸನ್ನು ಅಷ್ಟು ದೊಡ್ಡ ಆಟಗಾರ ನೆಟ್‌ಗೆ ಹೊಡೆದದ್ದು ಹೇಗೆ? ಮೋಸ ಮಾಡಿದ್ದು ತಿರುಪು. ಚೆಂಡಿನ ತೂಕ 2.7 ಗ್ರಾಂ, ಅಡ್ಡಳತೆ 40 ಮಿಲಿಮೀಟರ್. ಕೆಳಗಿನಿಂದ ಮೇಲಕ್ಕೆ ಉಜ್ಜುವ ಲೂಪ್ ಹೊಡೆತ ಬಲವಾಗಿ ಬಿದ್ದರೆ ಅದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಷ್ಟು ಹಗುರವಾದ ಚೆಂಡು ಗಾಳಿ ಎಳೆದತ್ತ ಬಾಗದೆ ಇರಲಾರದು.

ಟಾಪ್‌ಸ್ಪಿನ್ ಚೆಂಡು ಮುಂದಕ್ಕೆ ಉರುಳುತ್ತಾ ಬಂದು, ನೆಟ್ ದಾಟಿದ್ದೇ ತಡ ಕುಸಿದು, ಮೇಜಿನಿಂದ ಮುನ್ನುಗ್ಗುತ್ತದೆ. ಬ್ಯಾಟನ್ನು ಸುಮ್ಮನೆ ಒಡ್ಡಿದರೆ ಮೇಲಕ್ಕೆ ಹಾರುತ್ತದೆ. ಬ್ಯಾಕ್‌ಸ್ಪಿನ್ ತೇಲಿ ಬರುತ್ತದೆ, ಪುಟಿದು ಹಿಂಜರಿಯುತ್ತದೆ, ಬ್ಯಾಟಿಗೆ ತಗುಲಿ ಕೆಳಕ್ಕೆ ಜಾರುತ್ತದೆ. ಹಾಗಾಗಿ ಆರಂಭದಲ್ಲಿ ಸರ್ವೀಸ್ ಎದುರಿಸುವವರ ತಪ್ಪುಗಳನ್ನೇ ಗಮನಿಸಿ. ನೆಟ್‌ಗೆ ಬಿದ್ದರೆ ಬ್ಯಾಕ್‌ಸ್ಪಿನ್ ಇತ್ತೆಂದೂ, ಮೇಜಿನಾಚೆ ಹಾರಿದರೆ ಟಾಪ್‌ಸ್ಪಿನ್ ಇತ್ತೆಂದೂ, ಪಕ್ಕಕ್ಕೆ ಸಿಡಿದರೆ ಸೈಡ್‌ಸ್ಪಿನ್ ಇತ್ತೆಂದೂ ಬಹುಮಟ್ಟಿಗೆ ಊಹಿಸಬಹುದು.

ಇನ್ನು ಬ್ಯಾಟ್. 1952ರಲ್ಲಿ ಬಾಂಬೆಯ ವಿಶ್ವ ಚಾಂಪಿಯನ್‌ಷಿಪ್‌ಗೆ ಜಪಾನಿನ ಹಿರೋಜಿ ಸಾತೊ ದಪ್ಪ ಸ್ಪಂಜ್ ಅಂಟಿಸಿದ ಬ್ಯಾಟ್ ತಂದರು. ಅದು ಸದ್ದನ್ನೇ ನುಂಗಿತು. ಟಕ್ ಎಂಬ ಸದ್ದಿನಿಂದಲೇ ಹೊಡೆತವನ್ನು ಅಳೆಯುತ್ತಿದ್ದ ಎದುರಾಳಿಗಳು ತಬ್ಬಿಬ್ಬಾದರು, ಸಾತೊ ಗೆದ್ದರು. ಬರಿಯ ಸ್ಪಂಜಿಗೆ ಈಗ ಅವಕಾಶವಿಲ್ಲ. ಸ್ಪಂಜಿನ ಮೇಲೆ ರಬ್ಬರ್ ಇರಲೇಬೇಕು, ಎರಡೂ ಸೇರಿ 4 ಮಿಲಿಮೀಟರ್ ಮೀರಬಾರದು. ನುಣುಪು ರಬ್ಬರ್ ಚೆಂಡನ್ನು ಕಚ್ಚಿಕೊಳ್ಳುತ್ತದೆ, ಸ್ಪಂಜ್ ಅದನ್ನು ಒಳಕ್ಕೆ ತಗ್ಗಿಸಿಕೊಳ್ಳುತ್ತದೆ. ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತಿನ ಆ ಹಿಡಿತದಲ್ಲಿ ಆಟಗಾರ ಚೆಂಡನ್ನು ಹೊಡೆಯುವುದಕ್ಕಿಂತ ಹೆಚ್ಚಾಗಿ ಉಜ್ಜುತ್ತಾನೆ. ಹೊಡೆದರೆ ವೇಗ, ಉಜ್ಜಿದರೆ ತಿರುಪು.

ಲಾಂಗ್ ಪಿಂಪಲ್ ಎಂಬ ಉದ್ದ ಮುಳ್ಳಿನ ರಬ್ಬರ್ ಕಚ್ಚುವುದೇ ಇಲ್ಲ. ಮುಳ್ಳುಗಳು ಬಾಗುತ್ತವೆ, ಚೆಂಡು ತನ್ನ ತಿರುಪನ್ನು ಬಹುಪಾಲು ಉಳಿಸಿಕೊಂಡೇ ಹಿಂದಿರುಗುತ್ತದೆ. ದಿಕ್ಕು ಬದಲಾದ್ದರಿಂದ ಕಳಿಸಿದ ಟಾಪ್‌ಸ್ಪಿನ್ ಕಳಿಸಿದವರಿಗೇ ಬ್ಯಾಕ್‌ಸ್ಪಿನ್ ಆಗಿ ಬಂದು ಮುಟ್ಟುತ್ತದೆ! 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡಿಗೆ ಇಂಥದ್ದನ್ನೇ ಬಳಸುತ್ತಾರೆ. ನಡುವೆ ಬೆರಳಲ್ಲೇ ಬ್ಯಾಟ್ ತಿರುವಿ ಬದಿ ಬದಲಿಸುತ್ತಾರೆ. ಬ್ಯಾಟಿನ ಎರಡು ಮಗ್ಗುಲಿಗೆ ಎರಡು ಬಣ್ಣ ಕಡ್ಡಾಯವಾಗಿರುವುದರಿಂದ ಯಾವ ರಬ್ಬರ್ ಚೆಂಡಿಗೆ ತಗುಲಿತೆಂದು ನೀವೂ ಪತ್ತೆಹಚ್ಚಬಹುದು.

ನನಗೆ ಎಲ್ಲರಿಗಿಂತ ಪ್ರಿಯವಾದವರು ಚಾಪ್ ಆಡುವವರು, ಅಂದರೆ ಬ್ಯಾಟನ್ನು ಮೇಲಿನಿಂದ ಕೆಳಕ್ಕೆ ಬೀಸಿ ಬ್ಯಾಕ್‌ಸ್ಪಿನ್ ಕೊಡುವವರು. 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫೈನಲ್ ತಲುಪಿದ ದಕ್ಷಿಣ ಕೊರಿಯಾದ ಜೂ ಸೆ-ಹ್ಯುಕ್ ಅವರ ಆಟ ಸಿಕ್ಕಿದರೆ ಬಿಡಬೇಡಿ. ಮೇಜಿನಿಂದ ಬಹಳ ಹಿಂದೆ ನಿಂತು, ಹುಲ್ಲು ಕೊಯ್ದಂತೆ ಬ್ಯಾಟ್ ಇಳಿಸುತ್ತಾರೆ. ನೋಡಲು ಒಂದೇ ಬೀಸು, ತಿರುಪು ಮಾತ್ರ ಒಮ್ಮೆ ಭಾರ, ಒಮ್ಮೆ ಹಗುರ. ಎದುರಾಳಿ ಹಗುರವೆಂದು ಮೈಮರೆತ ಗಳಿಗೆಯಲ್ಲೇ ಭಾರದ್ದು ಬರುತ್ತದೆ.

ಸರ್ವೀಸಿನಲ್ಲಿ ಈ ವಂಚನೆ ಇನ್ನೂ ಸೂಕ್ಷ್ಮ. ಕೈ ಲೋಲಕದಂತೆ ತೂಗುವಾಗ ಬ್ಯಾಟಿನ ತುದಿಗೆ ವೇಗ ಹೆಚ್ಚು, ಹಿಡಿಯ ಬಳಿ ಕಡಿಮೆ. ಅದೇ ಬೀಸಿನಲ್ಲಿ ತುದಿಗೆ ತಾಗಿದ ಚೆಂಡು ಬುಗುರಿಯಾಗುತ್ತದೆ, ಹಿಡಿಯ ಬಳಿ ತಾಗಿದ್ದು ತಿರುಪಿಲ್ಲದೆ ಖಾಲಿ ಹೋಗುತ್ತದೆ. ಚೆಂಡು ತಾಗಿದ ಬಳಿಕ ತೋಳು ಮಾಡುವ ಆಡಂಬರವೆಲ್ಲ ಕಣ್ಕಟ್ಟು. ನಿಧಾನಗತಿಯ ಮರುಪ್ರಸಾರ ಬಂದಾಗ ಚೆಂಡಿನ ಮೇಲಿನ ಮುದ್ರೆಯ ಮೇಲೆ ಕಣ್ಣಿಡಿ: ಅಕ್ಷರ ಮಸುಕಾಗಿ ಕರಗಿದರೆ ತಿರುಪಿದೆ, ಸ್ಪಷ್ಟವಾಗಿ ಓದುವಂತಿದ್ದರೆ ಚೆಂಡು ಖಾಲಿ.